ಉಸ್ಮಾನಿಯಾ ಆರ್ಟ್ಸ್ ಕಾಲೇಜು ಕಟ್ಟಡ: ಕನ್ನಡಿಗರ ನೆನಪು ಮತ್ತು ಮೌಖಿಕ ಚರಿತ್ರೆಯ ಕೆಲವು ಪ್ರಶ್ನೆಗಳು

ಮೌಖಿಕ ಚರಿತ್ರೆ ಎಂದ ಕೂಡಲೇ ಕನ್ನಡದ ಅಭ್ಯಾಸಿಗಳ ಗಮನ ಹರಿಯುವುದು ಜನಪದ ಮಹಾಕಾವ್ಯಗಳ ಕಡೆಗೆ, ಲಾವಣಿಗಳ ಕಡೆಗೆ, ಸ್ಥಳಪುರಾಣಗಳ ಕಡೆಗೆ. ಮಂಟೇಸ್ವಾಮಿ, ಮಲೆಯ ಮಾದೇಶ್ವರ ಕಾವ್ಯಗಳನ್ನು ಚರಿತ್ರೆಯ ಆಕರಗಳಾಗಿ ಓದುವ ಕ್ರಮ ನಮ್ಮಲ್ಲಿ ಸಾಕಷ್ಟು ಬೆಳೆದಿದೆ. ಆದರೆ ಪದವಿ ಪಡೆದು, ನೌಕರಿ ಮಾಡಿ, ನಿವೃತ್ತರಾದ ಅಕ್ಷರಸ್ಥರ ಬಾಯಿಮಾತೂ ಆಕರವಾಗಬಹುದೆಂಬ ಕಡೆಗೆ ನಾವು ಅಷ್ಟಾಗಿ ಲಕ್ಷ್ಯ ಕೊಟ್ಟಿಲ್ಲ. ಅವರ ಕಾಲದ ದಾಖಲೆಗಳಿವೆ, ಹೇಳುವುದೇನಾದರೂ ಇದ್ದರೆ ಅವರೇ ಬರೆಯುತ್ತಾರೆ ಎಂಬುದು ನಮ್ಮ ನಂಬಿಕೆ. ಬರೆಯಬಲ್ಲವರು ಯಾವುದನ್ನು ಬರೆಯದೆ ಉಳಿಸುತ್ತಾರೆ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಒಂದು ಕಟ್ಟಡದ ನೆಪದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಟ್ಟಡ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆರ್ಟ್ಸ್ ಕಾಲೇಜು. ನೆನಪುಗಳು ಮಾತ್ರ ನನಗೆ ದೊರೆತದ್ದು ಆ ಆವರಣದಲ್ಲಲ್ಲ, ಊರಿನ ಇನ್ನೊಂದು ತುದಿಯಲ್ಲಿರುವ ಕೂಕಟ್‌ಪಲ್ಲಿಯಲ್ಲಿ. ಇದಕ್ಕೆ ಕಾರಣವುಂಟು. ಹೈದರಾಬಾದಿನಿಂದ ಪಟಾನ್‌ಚೆರು, ಜಹೀರಾಬಾದ್, ಹುಮನಾಬಾದಗಳ ಮೇಲೆ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿ ಕೂಕಟ್‌ಪಲ್ಲಿಯನ್ನು ಹಾದು ಹೋಗುತ್ತದೆ. ಬೀದರ, ಕಲಬುರಗಿಗಳ ಬಸ್ಸುಗಳು ಇದೇ ದಾರಿಯವು. 1980ರ ದಶಕದಲ್ಲಿ ಇಲ್ಲಿ ಹೌಸಿಂಗ್ ಬೋರ್ಡಿನ ದೊಡ್ಡ ಕಾಲೊನಿ ಬೆಳೆದಾಗ, ಹೆದ್ದಾರಿಯ ಬದಿಯ ಕಾರ್ಖಾನೆಗಳಲ್ಲಿಯೂ ಸರಕಾರಿ ಕಚೇರಿಗಳಲ್ಲಿಯೂ ದುಡಿಯುತ್ತಿದ್ದ ಅನೇಕ ಕನ್ನಡ ಕುಟುಂಬಗಳು ಮನೆ ಪಡೆದವು. ಊರಿನ ಬಸ್ಸು ಮನೆಯ ಮುಂದೆಯೇ ಸಿಗುವುದೆಂಬುದು ಅವರಿಗೆ ದೊಡ್ಡ ಸಮಾಧಾನ. ಕಾಚಿಗುಡದ ಹಳೆಯ ಮನೆಗಳಲ್ಲಿ ಬದುಕಿದ್ದ ತಂದೆತಾಯಿಗಳು ಕೊನೆಗಾಲದಲ್ಲಿ ಮಕ್ಕಳ ಹಿಂದೆ ಇಲ್ಲಿಗೆ ಬಂದರು. ಅವರಲ್ಲಿ ಕೆಲವರು ಉಸ್ಮಾನಿಯಾದಲ್ಲಿ ಓದಿದವರು. 1996ರಿಂದ 1998ರವರೆಗೆ ಸಂಶೋಧನ ವಿದ್ಯಾರ್ಥಿಯಾಗಿದ್ದ ನಾನು ಅಂಥ ಏಳು ಜನರನ್ನು ಕಂಡು, ಅವರ ಮಾತನ್ನು ಹನ್ನೊಂದು ಕ್ಯಾಸೆಟ್ಟುಗಳಲ್ಲಿ ಧ್ವನಿಮುದ್ರಿಸಿಕೊಂಡೆ. ನನ್ನ ಪ್ರಬಂಧದ ವಿಷಯ ಬೇರೆಯಾಗಿದ್ದುದರಿಂದ ಅವು ಪೆಟ್ಟಿಗೆಯಲ್ಲಿಯೇ ಉಳಿದವು. ಈಗ ಪ್ರತಿಲಿಪಿ ಮಾಡಲು ಕುಳಿತಾಗ ಆ ಏಳು ಜನರಲ್ಲಿ ಒಬ್ಬರೂ ಉಳಿದಿಲ್ಲ. ಅವರ ಹೆಸರುಗಳನ್ನು ಇಲ್ಲಿ ಕೊಟ್ಟಿಲ್ಲ.

ಮೊದಲು ಲಿಖಿತ ದಾಖಲೆ ಹೇಳುವುದಿಷ್ಟು. ಮೀರ್ ಉಸ್ಮಾನ್ ಅಲಿ ಖಾನರು 1917ರಲ್ಲಿ ಹೊರಡಿಸಿದ ಫರ್ಮಾನಿನ ಮೇರೆಗೆ 1918ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಗೊಂಡಿತು. 1919ರಲ್ಲಿ ತರಗತಿಗಳು ಆರಂಭವಾದವು. ಇಂಗ್ಲಿಷನ್ನು ಕಡ್ಡಾಯ ವಿಷಯವಾಗಿ ಉಳಿಸಿಕೊಂಡು, ಉಳಿದೆಲ್ಲವನ್ನೂ ಉರ್ದುವಿನಲ್ಲಿ ಬೋಧಿಸುವುದು ಅದರ ವೈಶಿಷ್ಟ್ಯವಾಗಿತ್ತು. ಅದಕ್ಕೆ ಬೇಕಾದ ಪಠ್ಯಗಳನ್ನು ಒದಗಿಸಲು ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆಯನ್ನು 1917ರಲ್ಲಿಯೇ ತೆರೆಯಲಾಗಿತ್ತು. ಆರ್ಟ್ಸ್ ಕಾಲೇಜಿಗಾಗಿ ಜೈನ್ ಯಾರ್ ಜಂಗ್ ಮತ್ತು ಸಯ್ಯದ್ ಅಲಿ ರಜಾ ಎಂಬ ಇಬ್ಬರನ್ನು ದೇಶವಿದೇಶಗಳ ವಿಶ್ವವಿದ್ಯಾಲಯ ಕಟ್ಟಡಗಳನ್ನು ನೋಡಿಬರಲು ಕಳುಹಿಸಲಾಯಿತು. ಈಜಿಪ್ಟಿನಲ್ಲಿ ಕೆಲಸ ಮಾಡಿ ಹೆಸರಾಗಿದ್ದ ಬೆಲ್ಜಿಯಂನ ವಾಸ್ತುಶಿಲ್ಪಿ ಅರ್ನೆಸ್ಟ್ ಜಾಸ್ಪರ್ ನಕ್ಷೆ ಸಿದ್ಧಪಡಿಸಿದರು. 1934ರ ಜುಲೈ 5ರಂದು ಅಡಿಗಲ್ಲು ಬಿದ್ದಿತು. 1939ರ ಡಿಸೆಂಬರ್ 4ರಂದು ನಿಜಾಮರೇ ಕಟ್ಟಡವನ್ನು ಉದ್ಘಾಟಿಸಿದರು. ಈ ಎರಡನೆಯ ದಿನಾಂಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಕಟ್ಟಡದ ಶೈಲಿಯನ್ನು ಕುರಿತು ಬರೆದವರೆಲ್ಲರೂ ಹಿಂದೂ ಮುಸ್ಲಿಂ ವಾಸ್ತುಕ್ರಮಗಳ ಸಂಯೋಗ ಎಂಬ ಮಾತನ್ನು ತಪ್ಪದೆ ಹೇಳುತ್ತಾರೆ. ಮೇಲೆ ಕಮಾನು, ಕೆಳಗೆ ಅಜಂತ ಎಲ್ಲೋರಗಳನ್ನು ನೆನಪಿಸುವ ಕಂಬಗಳು. ಆ ಗುಹೆಗಳು ಆಗ ನಿಜಾಮರ ರಾಜ್ಯದ ಔರಂಗಾಬಾದ್ ಜಿಲ್ಲೆಯಲ್ಲಿಯೇ ಇದ್ದವು. ಆದರೆ ನನ್ನ ವಕ್ತೃಗಳಲ್ಲಿ ಇದನ್ನು ಹೀಗೆ ಕಂಡವರು ಒಬ್ಬರೂ ಇಲ್ಲ. ಬೀದರಿನವರೊಬ್ಬರಿಗೆ ಅದು ಕಂಡದ್ದು ಬೇರೆ ಬಗೆಯಲ್ಲಿ: “ನಮ್ಮ ಗವಾನನ ಮದರಸಾ ನೋಡ್ಕೋತ ಬೆಳದಂವ ನಾ. ಇದು ಅದರ ತಮ್ಮ ಅನಿಸ್ತು. ಅದು ಅರ್ಧ ಬಿದ್ದದ, ಇದು ನೆಟ್ಟಗ ನಿಂತದ, ಅಷ್ಟ.” 1472ರ ಮಹಮೂದ್ ಗವಾನನ ವಿದ್ಯಾಲಯ, 1939ರ ವಿಶ್ವವಿದ್ಯಾಲಯ ಇವೆರಡನ್ನೂ ಒಂದೇ ಮನೆತನಕ್ಕೆ ಸೇರಿಸುವ ಈ ಮಾತು ಶೈಲಿವಿವೇಚನೆಗಿಂತ ಬೆಲೆಯುಳ್ಳದ್ದೆಂದು ನನಗೆ ತೋರುತ್ತದೆ. ಬೀದರಿನ ಹುಡುಗ ಹೈದರಾಬಾದಿಗೆ ಪರಕೀಯನಾಗಿ ಬರಲಿಲ್ಲ, ಓದಿನ ಹಳೆಯ ಮನೆಯೊಂದರಿಂದ ಹೊಸ ಮನೆಗೆ ಬಂದ. ರಾಯಚೂರು, ಕೊಪ್ಪಳಗಳ ಕಡೆಯವರ ಮಾತಿನಲ್ಲಿ ಈ ಸಲುಗೆ ಇಲ್ಲ. ಅವರಿಗೆ ಅದು ಅರಮನೆ.

ಇನ್ನು ಭಾಷೆಯ ವಿಚಾರ. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡುವ ಉಸ್ಮಾನಿಯಾದ ಸಾಹಸವನ್ನು ರವೀಂದ್ರನಾಥ ಠಾಕೂರರಂತಹವರೂ ಮೆಚ್ಚಿದ್ದರು. ಅದೇ ಹೊತ್ತಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಬೋಧನೆ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಆದರೆ ರಾಜ್ಯದ ಪ್ರಜೆಗಳಲ್ಲಿ ಉರ್ದು ಮಾತೃಭಾಷೆಯಾಗಿದ್ದವರು ಎಷ್ಟು ಮಂದಿ? 1951ರ ಜನಗಣತಿಯಂತೆ ಹೈದರಾಬಾದ್ ರಾಜ್ಯದಲ್ಲಿ ಉರ್ದು ಭಾಷಿಕರ ಪ್ರಮಾಣಕ್ಕೂ ಕನ್ನಡ ಭಾಷಿಕರ ಪ್ರಮಾಣಕ್ಕೂ ಹೆಚ್ಚಿನ ಅಂತರವಿಲ್ಲ. ಎರಡೂ ನೂರಕ್ಕೆ ಹತ್ತು ಹನ್ನೆರಡರ ಆಸುಪಾಸು. ಒಂದು ಭಾಷೆ ವಿಶ್ವವಿದ್ಯಾಲಯವನ್ನೇ ಆಳಿತು, ಇನ್ನೊಂದಕ್ಕೆ ಅಲ್ಲಿ ಒಂದು ವಿಷಯದ ಸ್ಥಾನ ದೊರೆಯಿತು. ಆ ಸ್ಥಾನವನ್ನು ಉಳಿಸಿಕೊಂಡು ಬಂದ ಅಧ್ಯಾಪಕರಲ್ಲಿ ಡಿ.ಕೆ. ಭೀಮಸೇನರಾಯರ ಹೆಸರನ್ನು ಹಳಬರು ಇಂದಿಗೂ ಗೌರವದಿಂದ ನೆನೆಯುತ್ತಾರೆ.

ಇಲ್ಲಿ ನಾವು ಅವಸರದ ತೀರ್ಮಾನಕ್ಕೆ ಬರಬಾರದು. ಕ್ಯಾಸೆಟ್ಟುಗಳಲ್ಲಿ ಉರ್ದುವಿನ ಮೇಲೆ ದೂರು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಬದಲಾಗಿ ಉರ್ದುವೇ ಅವರ ಕನ್ನಡದೊಳಗೆ ಕುಳಿತು ಮಾತನಾಡುತ್ತದೆ. ಅವರು ಕಾಲೇಜಿಗೆ ಸೇರಲಿಲ್ಲ, ‘ದಾಖಲಾ’ ಆದರು. ಪರೀಕ್ಷೆ ಬರೆಯಲಿಲ್ಲ, ‘ಇಮ್ತಿಹಾನ’ ಕೊಟ್ಟರು. ಪ್ರಶ್ನೆಪತ್ರಿಕೆ ‘ಪರ್ಚಾ’, ಫಲಿತಾಂಶ ‘ನತೀಜಾ’, ರಜೆ ‘ತಾತೀಲು’, ಗ್ರಂಥಾಲಯ ‘ಕುತುಬ್‌ಖಾನೆ’. ವಿಶ್ವವಿದ್ಯಾಲಯಕ್ಕೆ ಅವರು ಬಳಸುವ ಪದ ‘ಜಾಮಿಯಾ’. ಆ ಹೆಸರು ಅಲ್ಲಿಯ ರೈಲು ನಿಲ್ದಾಣವೊಂದಕ್ಕೆ ಇಂದಿಗೂ ಉಳಿದಿದೆ. ಗಣಿತ ‘ರಿಯಾಜಿ’, ಅರ್ಥಶಾಸ್ತ್ರ ‘ಮಾಶಿಯಾತ್’, ತರ್ಕ ‘ಮಂತಿಕ್’. ಇವುಗಳಲ್ಲಿ ಕೆಲವು ಎಲ್ಲ ಕನ್ನಡಿಗರೂ ಬಲ್ಲ ಪದಗಳ ಒಡಹುಟ್ಟುಗಳೇ. ಆದರೆ ಅರ್ಥ ಒಂದು ಹೆಜ್ಜೆ ಸರಿದಿದೆ. ನಮಗೆ ‘ದಾಖಲೆ’ ಎಂದರೆ ಕಾಗದಪತ್ರ, ಅವರಿಗೆ ಅದು ಬಾಗಿಲೊಳಗಿನ ಪ್ರವೇಶ. ನಮಗೆ ‘ಸನದು’ ಎಂದರೆ ಇನಾಮಿನ ಪತ್ರ, ಅವರಿಗೆ ಪದವಿಪತ್ರ. ‘ತಾರೀಖು’ ನಮಗೆ ಬರಿಯ ದಿನಾಂಕ. ಉರ್ದುವಿನಲ್ಲಿ ‘ತಾರೀಖ್’ ದಿನಾಂಕವೂ ಹೌದು, ಚರಿತ್ರೆಯೂ ಹೌದು. ಹೈದರಾಬಾದ್ ಕರ್ನಾಟಕದ ಕನ್ನಡದಲ್ಲಿರುವ ಉರ್ದು ಶಬ್ದಗಳನ್ನು ಕುರಿತು ಬರೆಯುವಾಗ ನಾವು ಆಡಳಿತ ಮತ್ತು ಸಂತೆಪೇಟೆಗಳನ್ನು ಮಾತ್ರ ಆಕರವಾಗಿ ಹೇಳುತ್ತೇವೆ. ತರಗತಿಯೂ ಒಂದು ಆಕರ ಎಂಬುದನ್ನು ಈ ಧ್ವನಿಮುದ್ರಣಗಳು ತೋರಿಸುತ್ತವೆ. ಆ ಪೀಳಿಗೆಯೊಂದಿಗೆ ಈ ಪದಗಳ ಗುಂಪೂ ಹೊರಟುಹೋಯಿತು. ಉಸ್ಮಾನಿಯಾದಲ್ಲಿ ಓದಿ, ಹೈದರಾಬಾದ್ ಸಿವಿಲ್ ಸರ್ವಿಸ್ ಸೇರಿ, ‘ಕಾವ್ಯಾನಂದ’ರಾಗಿ ಬರೆದ ಸಿದ್ಧಯ್ಯ ಪುರಾಣಿಕರನ್ನಾಗಲಿ, ಗಜಲನ್ನು ಕನ್ನಡಕ್ಕೆ ತಂದ ಶಾಂತರಸರನ್ನಾಗಲಿ ಅಭ್ಯಾಸ ಮಾಡುವವರು ಈ ಶಿಕ್ಷಣದ ಹಿನ್ನೆಲೆಯನ್ನು ಬಿಟ್ಟರೆ ಅವರ ಕನ್ನಡದ ಲಯದ ಒಂದು ಮೂಲವನ್ನೇ ಬಿಟ್ಟಂತೆ.

ಈಗ ಈ ಲೇಖನಕ್ಕೆ ಕಾರಣವಾದ ಸಾಕ್ಷ್ಯಕ್ಕೆ ಬರುತ್ತೇನೆ.

ಹುಮನಾಬಾದ ಕಡೆಯ ಹಿರಿಯರೊಬ್ಬರು, 1919ರಲ್ಲಿ ಹುಟ್ಟಿದವರು. ತಹಸೀಲು ಕಚೇರಿಯಲ್ಲಿ ನೌಕರಿ. 1956ರಲ್ಲಿ ರಾಜ್ಯ ಹರಿದು ಹಂಚಿಹೋದಾಗ ಮಕ್ಕಳ ಓದಿನ ಸಲುವಾಗಿ ಹೈದರಾಬಾದಿನಲ್ಲಿಯೇ ನಿಂತವರು. 1997ರಲ್ಲಿ ನಾನು ಕಂಡಾಗ ಕೂಕಟ್‌ಪಲ್ಲಿಯಲ್ಲಿ ಮಗನ ಮನೆಯ ಮಹಡಿಯ ಕೋಣೆಯಲ್ಲಿದ್ದರು. ಮೊದಲನೆಯ ಭೇಟಿಯಲ್ಲಿಯೇ ವಂದೇಮಾತರಂ ಚಳವಳಿಯ ಪ್ರಸಂಗ ಹೇಳಿದರು. “ಆರ್ಟ್ಸ್ ಕಾಲೇಜಿನ ನಡುವಿನ ಹಾಲಿನಾಗ ನಿಂತು ಹಾಡಿದ್ವಿ ತಮ್ಮಾ. ಆ ದನಿ ಮ್ಯಾಲಿನ ಕಲ್ಲಿಗೆ ಬಡದು ಹೊಳ್ಳಿ ನಮ್ಮ ಮೈಮ್ಯಾಲೆ ಬಿದ್ದಂಗಾತು.” ಕಲ್ಲಿನ ಬಣ್ಣ, ಕಮಾನಿನ ಎತ್ತರ, ಬೆಳಕು ಬೀಳುತ್ತಿದ್ದ ದಿಕ್ಕು, ಎಲ್ಲವನ್ನೂ ವಿವರವಾಗಿ ಹೇಳಿದರು. ಅಂದು ಮನೆಗೆ ಬಂದು ನಾನು ಬಹಳ ಉತ್ಸಾಹದಿಂದ ಟಿಪ್ಪಣಿ ಮಾಡಿಕೊಂಡೆ.

ಪ್ರಸಂಗ ಐತಿಹಾಸಿಕವಾದುದು. 1938ರ ಕೊನೆಯಲ್ಲಿ ಉಸ್ಮಾನಿಯಾದ ವಿದ್ಯಾರ್ಥಿನಿಲಯಗಳ ಪ್ರಾರ್ಥನಾ ಕೊಠಡಿಗಳಲ್ಲಿ ವಂದೇಮಾತರಂ ಹಾಡುವುದನ್ನು ನಿಷೇಧಿಸಲಾಯಿತು. ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ನೂರಾರು ಮಂದಿ ಹೊರಹಾಕಲ್ಪಟ್ಟರು. ಅವರಲ್ಲಿ ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯ ಪ್ರವೇಶ ಕೊಟ್ಟಿತು; ಪಿ.ವಿ. ನರಸಿಂಹರಾಯರೂ ಹಾಗೆ ನಾಗಪುರಕ್ಕೆ ಹೋದವರೇ. ತೆಲುಗರು, ಮರಾಠಿಗರು, ಕನ್ನಡಿಗರು ಮೂವರೂ ಈ ಚಳವಳಿಯಲ್ಲಿದ್ದರು. ಆದರೆ ಆರ್ಟ್ಸ್ ಕಾಲೇಜಿನ ಹಾಲು ತೆರೆದದ್ದು 1939ರ ಡಿಸೆಂಬರಿನಲ್ಲಿ. ಹಾಡಿದ ಒಂದು ವರ್ಷದ ಮೇಲೆ! ಆಗ ಅಲ್ಲಿ ನಡೆಯುತ್ತಿದ್ದುದು ಕಲ್ಲುಕುಟಿಗರ ಕೆಲಸ.

ದಾಖಲೆಯನ್ನು ನಂಬಿದ ಸಂಶೋಧಕ ಇಲ್ಲಿ ಮಾಡುವುದೇನು? ಸಾಕ್ಷ್ಯ ದೋಷಯುಕ್ತ ಎಂದು ಬದಿಗಿಡುತ್ತಾನೆ. ನಾನೂ ಹಾಗೆಯೇ ಮಾಡುವವನಿದ್ದೆ. ವಯಸ್ಸಾದವರು, ಎರಡು ನೆನಪು ಕೂಡಿಕೊಂಡಿವೆ ಎಂದುಕೊಂಡು ಎರಡನೆಯ ಭೇಟಿಯಲ್ಲಿ ಮೆಲ್ಲಗೆ ದಿನಾಂಕಗಳನ್ನು ಮುಂದಿಟ್ಟೆ. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕು ಅಂದರು: “ತಾರೀಖು ತಪ್ಪಿರಬೇಕು ತಮ್ಮಾ. ತಾರೀಖ್ ತಪ್ಪಿಲ್ಲ.”

ಈ ಮಾತಿಗೆ ನಾನು ಆಗ ಮಾರುಹೋದೆ. ಈಗ ಅಷ್ಟು ಸುಲಭವಾಗಿ ಒಪ್ಪಲಾರೆ. ದಿನಾಂಕ ತಪ್ಪಿದರೂ ಚರಿತ್ರೆ ತಪ್ಪುವುದಿಲ್ಲ ಎಂಬುದು ಕೇಳಲು ಚೆಂದ. ಆದರೆ ಅದನ್ನು ತತ್ತ್ವವಾಗಿ ಎತ್ತಿ ಹಿಡಿದರೆ ಯಾವ ಸುಳ್ಳಿಗೂ ಬಾಗಿಲು ತೆರೆದಂತಾಗುತ್ತದೆ. ಮೌಖಿಕ ಚರಿತ್ರೆಯ ಹೆಸರಿನಲ್ಲಿ ಇಂತಹ ಉದಾರತೆಯನ್ನು ತೋರಿದ ಬರಹಗಳು ನಮ್ಮಲ್ಲಿವೆ. ಇರಲಿ. ತಪ್ಪನ್ನು ತಪ್ಪೆಂದೇ ಕರೆದು, ಅದು ಏಕೆ ಆ ರೂಪದಲ್ಲಿಯೇ ಬಂತೆಂದು ಕೇಳುವುದು ಸರಿಯಾದ ದಾರಿ. ವಿದ್ಯಾರ್ಥಿನಿಲಯದ ಸಾಧಾರಣ ಕೊಠಡಿಯಲ್ಲಿ ನಡೆದದ್ದು ಕಟ್ಟಡದ ನಡುಹಾಲಿಗೆ ಏಕೆ ಸರಿಯಿತು?

ಉತ್ತರ ಮೂರನೆಯ ಭೇಟಿಯಲ್ಲಿ ದೊರೆಯಿತು. ಅಂದು ಮನೆಯವರು ಯಾರೂ ಇರಲಿಲ್ಲ. ಕ್ಯಾಸೆಟ್ಟು ಮುಗಿದು ತಿರುಗಿಸಿ ಹಾಕುವಾಗ ಅವರೇ ಮಾತು ತೆಗೆದರು. ಅವರು ಹಾಡಿರಲಿಲ್ಲ. ಜೊತೆಗಾರರು ಹಾಡಿದ್ದರು, ಅದೇ ಕೋಣೆಯ ಇಬ್ಬರು ನಾಗಪುರಕ್ಕೆ ಹೋದರು. ಇವರು ಎರಡು ದಿನ ತರಗತಿಗೆ ಹೋಗದೆ ಉಳಿದರು. ಅಷ್ಟರಲ್ಲಿ ಊರಿನಿಂದ ತಂದೆ ಬಂದರು. “ಎರಡೆಕರೆ ಅಡವಿಟ್ಟು ಕಳಿಸೀನಿ, ಅಂದ ಅಪ್ಪ. ಬೈಲಿಲ್ಲ. ಕೈ ಹಿಡಕೊಂಡು ಹೋಗಿ ಕ್ಲಾಸಿನ ಬಾಗಿಲ ಮುಂದ ಬಿಟ್ಟ. ನಾ ಒಳಗ ಹೋಗಿ ಕುಂತೆ.” ಮರುವರ್ಷ ಹೊಸ ಕಟ್ಟಡ ತೆರೆಯಿತು. ಆ ಹಾಲಿನಲ್ಲಿ ಮೊದಲ ಬಾರಿ ನಿಂತಾಗ ತಮಗೆ ನೆನಪಾದದ್ದು ನಾಗಪುರಕ್ಕೆ ಹೋದ ಆ ಇಬ್ಬರೇ ಎಂದರು. “ಇಷ್ಟು ದೊಡ್ಡ ಜಾಗಾ, ಇಲ್ಲಿ ಹಾಡಿದ್ರ ಹ್ಯಾಂಗ ಕೇಳ್ತಿತ್ತು ಅಂತ ಅನಿಸ್ತು.”

ಅಂದರೆ ಆ ಪ್ರತಿಧ್ವನಿಯ ವಿವರ ಕಲ್ಪಿತವಲ್ಲ, 1939ರದ್ದು. ಹಾಡು 1938ರದ್ದು, ಇನ್ನೊಬ್ಬರದ್ದು. ಐವತ್ತೆಂಟು ವರ್ಷ ಇವೆರಡನ್ನೂ ಹತ್ತಿರ ಹತ್ತಿರ ಇಟ್ಟುಕೊಂಡು ಬದುಕಿದ ಮನಸ್ಸು ಅವನ್ನು ಕೂಡಿಸಿತು. ಚಳವಳಿಯ ಲಿಖಿತ ಚರಿತ್ರೆ ನಾಗಪುರಕ್ಕೆ ಹೋದವರದು, ಅವರು ಮುಂದೆ ಏನಾದರೆಂಬುದರದು. ಉಳಿದವರಿಗೆ ಅದರಲ್ಲಿ ಒಂದು ಸಾಲೂ ಇಲ್ಲ. ಆದರೆ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಶಾಲೆಗಳಿಗೆ, ಕಚೇರಿಗಳಿಗೆ, ನ್ಯಾಯಾಲಯಗಳಿಗೆ ಮೊದಲ ಪೀಳಿಗೆಯ ಪದವೀಧರರಾಗಿ ಬಂದವರಲ್ಲಿ ಇಂಥ ಉಳಿದವರೂ ಇದ್ದರು. ಹೊಲ ಅಡವಿಟ್ಟ ತಂದೆಯ ಕೈಯನ್ನು ಯಾವ ಇತಿಹಾಸಕಾರನೂ ಬರೆದಿಡಲಿಲ್ಲ. ಅವರೂ ಬರೆಯಲಿಲ್ಲ. ಅಚ್ಚುಕಟ್ಟಾದ ಕೈಬರಹದವರು, ದಿನಚರಿ ಇಡುತ್ತಿದ್ದವರು. ಅದರಲ್ಲಿ ಇದಿಲ್ಲವೆಂದು ಅವರೇ ಹೇಳಿದರು.

ಉಳಿದ ಸಾಕ್ಷ್ಯಗಳನ್ನು ಚಿಕ್ಕದಾಗಿ ಹೇಳಬಹುದು. 1948ರ ಪೊಲೀಸ್ ಕಾರ್ಯಾಚರಣೆಯ ತರುವಾಯ ಬೋಧನೆ ಇಂಗ್ಲಿಷಿಗೆ ತಿರುಗಿತು. ಉರ್ದುವಿನಲ್ಲಿ ಕಲಿತು ಬಂದವರಿಗೆ ಎರಡನೆಯ ಬಾರಿ ಪರಭಾಷೆಯನ್ನು ಏರಬೇಕಾಯಿತು. 1956ರ ನವೆಂಬರ್ 1ರಂದು ಮೂರೂ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಉಸ್ಮಾನಿಯಾದ ಕನ್ನಡಕ್ಕೆ ಹಿಂದಿನ ನೆಲ ತಪ್ಪಿತು. ಆಮೇಲೂ ವಿಭಾಗ ಬಾಡಲಿಲ್ಲವೆಂಬುದಕ್ಕೆ ಜಿ.ಎಸ್. ಶಿವರುದ್ರಪ್ಪನವರು 1963ರಿಂದ 1966ರವರೆಗೆ ಅಲ್ಲಿದ್ದುದೇ ಸಾಕ್ಷಿ. ಆ ಕಾಲದಲ್ಲಿ ಎಂ.ಎ. ಓದಿದ ಮಹಿಳೆಯೊಬ್ಬರು ನನ್ನ ಏಳು ಜನರಲ್ಲಿದ್ದರು. ಪದವಿಯವರೆಗೆ ಅವರು ಓದಿದ್ದು ಕೋಠಿಯ ಮಹಿಳಾ ಕಾಲೇಜಿನಲ್ಲಿ, ಹಳೆಯ ರೆಸಿಡೆನ್ಸಿ ಕಟ್ಟಡದಲ್ಲಿ. ಆರ್ಟ್ಸ್ ಕಾಲೇಜಿನ ಶಿಲ್ಪದ ಬಗ್ಗೆ ಅವರಿಗೆ ಹೇಳುವುದೇನೂ ಇರಲಿಲ್ಲ. “ಅಷ್ಟು ದೊಡ್ಡ ಕಟ್ಟಡದಾಗ ನನ್ನ ಹೆಸರು ಕನ್ನಡದಾಗ ಕರೀತಿದ್ದ ಖೋಲಿ ಅದೊಂದ” ಎಂದರು. ಹಾಜರಿ ಕೂಗುವಾಗ ತಮ್ಮ ಹೆಸರಿನ ಕೊನೆಯ ಸ್ವರ ಉಳಿಯುತ್ತಿದ್ದುದು ಅಲ್ಲಿ ಮಾತ್ರ ಎಂಬುದು ಅವರ ಅಭಿಪ್ರಾಯ. ಭಾಷಾವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಗಮನಿಸಲಿ.

ನನ್ನ ನೆನಪೂ ಪರೀಕ್ಷೆಗೆ ಹೊರತಲ್ಲ. 1991ರಲ್ಲಿ ನಾನು ಎಂ.ಎ. ವಿದ್ಯಾರ್ಥಿಯಾಗಿ ಆ ಕಮಾನಿನ ಕೆಳಗೆ ನಡೆದಾಗ ಜವಾನರೊಬ್ಬರು ಕೋಣೆಯೊಂದನ್ನು ತೋರಿಸಿ, ಶಿವರುದ್ರಪ್ಪನವರು ಕುಳಿತುಕೊಳ್ಳುತ್ತಿದ್ದುದು ಇಲ್ಲಿಯೇ ಎಂದರು, ಉರ್ದುವಿನಲ್ಲಿ. ನಾನು ಆ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ದನಿ ತಗ್ಗಿಸುತ್ತಿದ್ದೆ. ಎರಡು ವರ್ಷದ ಮೇಲೆ ಇನ್ನೊಬ್ಬ ಜವಾನರು ಮೊಗಸಾಲೆಯ ಆ ತುದಿಯ ಬೇರೊಂದು ಕೋಣೆಯನ್ನು ಅದೇ ಖಚಿತತೆಯಿಂದ ತೋರಿಸಿದರು. ಯಾರ ಮಾತು ನಿಜವೆಂದು ನಾನು ವಿಚಾರಿಸಲಿಲ್ಲ. ನನಗೆ ಮುಖ್ಯವೆನಿಸಿದ್ದು ಬೇರೆ: ಕನ್ನಡ ಬಾರದ ಇಬ್ಬರು ನೌಕರರು, ಕವಿ ಬೆಂಗಳೂರಿಗೆ ಹೋಗಿ ಕಾಲು ಶತಮಾನ ಕಳೆದ ಮೇಲೆಯೂ, ಒಬ್ಬ ಕನ್ನಡ ಕವಿಯ ಸ್ಥಳವನ್ನು ಕಾಯ್ದುಕೊಂಡು ಬಂದಿದ್ದರು.

ಈ ಸಂಗ್ರಹದ ದೊಡ್ಡ ಕೊರತೆಯನ್ನೂ ಹೇಳಬೇಕು. ಏಳು ಜನರೂ ಆ ಕಟ್ಟಡದಲ್ಲಿ ಓದಿದವರು, ಅದನ್ನು ಕಟ್ಟಿದವರು ಒಬ್ಬರೂ ಅಲ್ಲ. ಕಲ್ಲಿನ ಸಪ್ಪಳ ಹೊರತು ಅವರ ಯಾವ ಸುಳಿವೂ ಕ್ಯಾಸೆಟ್ಟುಗಳಲ್ಲಿಲ್ಲ. ಐದು ವರ್ಷ ಗ್ರಾನೈಟನ್ನು ಕಡಿದವರು ಯಾವ ಭಾಷೆಯಲ್ಲಿ ಹಾಡಿಕೊಳ್ಳುತ್ತಿದ್ದರೆಂದು ಕೇಳಲು 1997ರಲ್ಲಿ ಇನ್ನೂ ಅವಕಾಶವಿತ್ತು. ನನಗೆ ಹೊಳೆಯಲಿಲ್ಲ.

ಕಟ್ಟಡದ ಮೇಲೆ ಈಗ ಬೇರೊಂದು ನೆನಪು ಗಟ್ಟಿಯಾಗಿ ಕುಳಿತಿದೆ. 1969ರ ಚಳವಳಿಯಿಂದ ಮೊದಲ್ಗೊಂಡು, 2009ರ ಕೊನೆಯ ದಿನಗಳಿಂದ 2014ರ ಜೂನ್ 2ರವರೆಗೆ ತೆಲಂಗಾಣ ಹೋರಾಟಕ್ಕೆ ಆ ಮೆಟ್ಟಿಲುಗಳೇ ವೇದಿಕೆಯಾದವು. ಇಂದಿನ ವಿದ್ಯಾರ್ಥಿಗೆ ಆರ್ಟ್ಸ್ ಕಾಲೇಜು ಎಂದರೆ ತೆಲಂಗಾಣ. ಅದು ನ್ಯಾಯವೇ. ಅತ್ತ ಗುಲಬರ್ಗಾದಲ್ಲಿ 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ, 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯ ಬಂದ ಮೇಲೆ ನಮ್ಮ ಹುಡುಗರಿಗೆ ಹೈದರಾಬಾದಿನ ದಾರಿ ಹಿಡಿಯುವ ಕಾರಣ ಕಡಿಮೆಯಾಯಿತು. ಅದೂ ಒಳ್ಳೆಯದೇ. ಆದರೆ ಈ ಎರಡು ಒಳ್ಳೆಯದರ ನಡುವೆ, ಉರ್ದುವಿನಲ್ಲಿ ಓದಿ ಕನ್ನಡದಲ್ಲಿ ಬದುಕಿದ ಒಂದು ಪೀಳಿಗೆ ಯಾವ ರಾಜ್ಯದ ಚರಿತ್ರೆಗೂ ಪೂರ್ತಿಯಾಗಿ ಸೇರದೆ ಹೋಗಿದೆ. ಧ್ವನಿಸುರುಳಿಗಳ ಪ್ರತಿಗಳನ್ನು ಮಾಡಿಸುತ್ತಿದ್ದೇನೆ. ಎರಡರಲ್ಲಿ ಸದ್ದು ಅಳಿಸಿಹೋಗಿದೆ.

1998ರಲ್ಲಿ, ಹುಮನಾಬಾದ ಕಡೆಯ ಆ ಹಿರಿಯರು ಒಮ್ಮೆ ಕಟ್ಟಡ ನೋಡಬೇಕೆಂದರು. ಈಗ ಕೂಕಟ್‌ಪಲ್ಲಿಯಲ್ಲಿ ಮೆಟ್ರೊ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಿಸಿ, ತಾರ್ನಾಕದಲ್ಲಿ ಇಳಿದರಾಯಿತು. ಆಗ ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿ ಅರ್ಧ ದಿನದ ಪ್ರಯಾಣ. ಕಮಾನಿನ ಕೆಳಗೆ ನಿಂತು ಕೋಲನ್ನು ನನ್ನ ಕೈಗೆ ಕೊಟ್ಟು ಎರಡೂ ಕೈಯಿಂದ ಕಂಬ ಮುಟ್ಟಿ ನೋಡಿದರು. ಒಳಗೆ ಹಾಲಿಗೆ ಹೋಗೋಣವೇ ಸರ್ ಎಂದು ಕೇಳಿದೆ. ಬ್ಯಾಡ ನಡಿ ಎಂದರು.

ಪ್ರತಿಲಿಪಿಯಲ್ಲಿ ಅವರ ಮೊದಲ ಭೇಟಿಯ ಮಾತನ್ನು ತಿದ್ದಿಲ್ಲ. ಹಾಡು ಹಾಲಿನಲ್ಲಿಯೇ ಇದೆ. ಅಂಚಿನಲ್ಲಿ 1938, 1939 ಎಂದು ಎರಡು ವರ್ಷಗಳನ್ನು ಬರೆದು, ಮೂರನೆಯ ಭೇಟಿಯ ಪುಟಸಂಖ್ಯೆಯನ್ನು ಕೊಟ್ಟಿದ್ದೇನೆ.